ಮತ್ತೆ ಓದೋಕೆ ಹೋಗೋದಾ, ಬೇಡ್ವಾ?

ಮೂರು ತಿಂಗಳಿಂದ ತಲೆಯಲ್ಲಿ ಇದೊಂದೇ ಪ್ರಶ್ನೆ ಗಿರಕಿ ಹೊಡೀತಾ ಇದೆ. ವಯಸ್ಸು ಇಪ್ಪತ್ತೆಂಟು. ಇಂಜಿನಿಯರಿಂಗ್ ಮುಗಿಸಿ ಆರು ವರ್ಷದಿಂದ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. ತಿಂಗಳಾದರೆ ಕೈಗೆ 1.6 ಲಕ್ಷ ಬರುತ್ತೆ. ಇದನ್ನ ಬಿಟ್ಟು ಎಂಬಿಎ ಮಾಡ್ತೀನಿ ಅಂದರೆ ಯಾರಿಗಾದರೂ "ಇವನಿಗೇನು ಬಂತು?" ಅನ್ನಿಸೋದು ಸಹಜ. ನನಗೇ ಎಷ್ಟೋ ಸಲ ಅನ್ನಿಸಿದೆ. ಆದರೆ ಒಂದು ವರ್ಷದ ಕೋರ್ಸಿಗೆ ಸೀಟು ಸಿಕ್ಕಾಗಿದೆ. ಮೊದಲ ಕಂತು ಕಟ್ಟೋಕೆ ಈ ತಿಂಗಳ ಕೊನೆವರೆಗೆ ಮಾತ್ರ ಗಡುವು. ಹಾಗಾಗಿ ಬರೆದಾದರೂ ನೋಡೋಣ, ಬರೆಯುವಾಗ ಸ್ವಲ್ಪ ತಿಳಿಯಾಗಬಹುದು ಅಂತ ಕೂತಿದ್ದೀನಿ.

ನಮ್ಮ ಮನೆ ನಂಜನಗೂಡು. ಅಪ್ಪ ಅಲ್ಲಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಶಿಫ್ಟ್ ಮಾಡಿ ರಿಟೈರ್ ಆದವರು. ಅಮ್ಮನ ತವರು ಟಿ. ನರಸೀಪುರ. ಅಲ್ಲಿ ಸೋದರಮಾವನದು ಒಂದು ಸಣ್ಣ ರೈಸ್ ಮಿಲ್. ನಂಜನಗೂಡಲ್ಲಿ ಹರಿಯುವ ಕಪಿಲೆಯೇ ಮುಂದೆ ಹೋಗಿ ನರಸೀಪುರದಲ್ಲಿ ಕಾವೇರಿ ಸೇರುತ್ತಾಳೆ. ಹೊಳೆ ಒಂದೇ ಆದರೂ ಎರಡು ಮನೆಯ ಲೋಕ ಬೇರೆ ಬೇರೆ. ನಮ್ಮ ಮನೆಯಲ್ಲಿ ಒಂದನೇ ತಾರೀಖು ಅನ್ನೋದು ಹಬ್ಬ. ಮಾವನ ಮನೆಯಲ್ಲಿ ಒಂದನೇ ತಾರೀಖಿಗೆ ಯಾವ ಬೆಲೆಯೂ ಇಲ್ಲ, ಸುಗ್ಗಿ ಯಾವಾಗ, ಮಂಡಿಯವನು ಬಾಕಿ ಯಾವಾಗ ಕೊಡ್ತಾನೆ ಅನ್ನೋದೇ ಅಲ್ಲಿನ ಕ್ಯಾಲೆಂಡರ್. ನಾನು ಅಪ್ಪನ ಲೋಕದಲ್ಲಿ ಬೆಳೆದವನು. ಬೇಸಿಗೆ ರಜೆಗೆ ಮಾತ್ರ ಮಾವನ ಲೋಕ.

ಮೊದಲು ದುಡ್ಡಿನ ಲೆಕ್ಕ ಹೇಳಿಬಿಡ್ತೀನಿ. ಐಐಎಂಗಳ ಮಾಮೂಲಿ ಎರಡು ವರ್ಷದ ಕೋರ್ಸಿಗೆ ನವೆಂಬರಿನ ಕ್ಯಾಟ್ ಬರೆದು ಹೋಗುವವರು ಬಹುತೇಕ ಈಗಷ್ಟೇ ಡಿಗ್ರಿ ಮುಗಿಸಿದವರು, ಇಲ್ಲಾ ಎರಡು ಮೂರು ವರ್ಷ ಕೆಲಸ ಮಾಡಿದವರು. ನನ್ನಂತೆ ಆರು ವರ್ಷ ಕಳೆದವರಿಗೆ ಅಂತ ಒಂದು ವರ್ಷದ ಕೋರ್ಸುಗಳಿವೆ. ಜಿಮ್ಯಾಟ್ ಅಥವಾ ಜಿಆರ್‌ಇ ಅಂಕದ ಮೇಲೆ ತಗೋತಾರೆ, ಏಪ್ರಿಲ್‌ಗೆ ಶುರು. ನನ್ನ ಕೋರ್ಸಿಗೆ ಫೀಸು, ಹಾಸ್ಟೆಲ್ಲು, ಊಟ ಎಲ್ಲಾ ಸೇರಿ ಸುಮಾರು 35 ಲಕ್ಷ. ಕೈಯಲ್ಲಿರುವ ಉಳಿತಾಯದಲ್ಲಿ 10 ಲಕ್ಷ ಹಾಕಿದರೂ 25 ಲಕ್ಷ ಸಾಲ. ಶೇಕಡಾ 9ರ ಬಡ್ಡಿಗೆ ಹತ್ತು ವರ್ಷ ಅಂದರೆ ತಿಂಗಳಿಗೆ ಹತ್ತಿರ ಹತ್ತಿರ 31,700 ರೂಪಾಯಿ ಕಂತು, ಬಡ್ಡಿಯೇ 13 ಲಕ್ಷ. ಇದರ ಮೇಲೆ ಒಂದು ವರ್ಷ ಬಾರದ ಸಂಬಳ 19 ಲಕ್ಷ. ಒಟ್ಟು 67 ಲಕ್ಷ! ಐದು ವರ್ಷದಲ್ಲಿ ಇದು ವಾಪಸ್ ಬರಬೇಕು ಅಂದರೆ, ಇಲ್ಲೇ ಇದ್ದಿದ್ದರೆ ಸಿಗುತ್ತಿದ್ದ ಸಂಬಳಕ್ಕಿಂತ ತಿಂಗಳಿಗೆ 1.1 ಲಕ್ಷ ಜಾಸ್ತಿ ಕೈಗೆ ಬರಬೇಕು. ಗಮನಿಸಿ, ಇವತ್ತಿನ ಸಂಬಳಕ್ಕಿಂತ ಅಲ್ಲ. ಇಲ್ಲೇ ಇದ್ದರೂ ಸಂಬಳ ಏರುತ್ತಲ್ಲ! ಕಾಲೇಜುಗಳ ಬ್ರೋಷರುಗಳಲ್ಲಿ ಈ ಕೊನೆಯ ಸಾಲು ಎಲ್ಲೂ ಕಾಣಲಿಲ್ಲ.

ಅಂದರೆ ಬರೀ ದುಡ್ಡಿಗೋಸ್ಕರ ಹೋಗೋದಾದರೆ ಹೋಗಲೇಬಾರದು. ಅಲ್ಲಿಗೆ ಒಂದು ಕಾರಣ ಬಿತ್ತು.

ಉಳಿದ ಕಾರಣಗಳನ್ನ ಒಂದು ಹಾಳೆಯ ಮೇಲೆ ಬರೆದೆ. ಆಮೇಲೆ ಒಂದೊಂದರ ಮುಂದೆಯೂ ಕೇಳಿಕೊಂಡೆ, ಇದು ಇಲ್ಲಿಂದ ಓಡುವ ಕಾರಣವೋ, ಅಲ್ಲಿಗೆ ಹೋಗುವ ಕಾರಣವೋ? ದಿನಾ ಅದೇ ಸ್ಟ್ಯಾಂಡಪ್ ಮೀಟಿಂಗು, ಅದೇ ಟಿಕೆಟ್ಟು, ಬೇಜಾರು. ಇದು ಓಡುವ ಕಾರಣ, ಹದಿನೈದು ದಿನ ರಜೆ ಹಾಕಿದರೆ ಅರ್ಧ ವಾಸಿಯಾಗುತ್ತೆ. 2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಶುರುವಾದ ಭಯ, ನಾನು ಬರೆಯುವ ಕೋಡು ಇನ್ನೆಷ್ಟು ದಿನ ಮನುಷ್ಯರು ಬರೀತಾರೆ ಅನ್ನೋದು. ಇದೂ ಓಡುವ ಕಾರಣವೇ. ಮೇಲಾಗಿ, ಕೋಡ್ ಬರೆಯುವ ಯಂತ್ರಕ್ಕೆ ಪವರ್‌ಪಾಯಿಂಟ್ ಸ್ಲೈಡ್ ಮಾಡೋದು ಕಷ್ಟವೇನಲ್ಲ, ಎಂಬಿಎ ಮಾಡಿಕೊಂಡು ಓಡಿದರೂ ಅದು ಹಿಂದೆಯೇ ಬರುತ್ತೆ. ಕಾಲೇಜಿನ ಗೆಳೆಯರಿಬ್ಬರು ಹೋಗಿ ಕೋಟು ಹಾಕಿಕೊಂಡ ಫೋಟೋ ಹಾಕಿದ್ದು, ಸುಮ್ಮನೆ ಹೊಟ್ಟೆಕಿಚ್ಚು :-) ಹಾಳೆಯಲ್ಲಿ ಗೆರೆ ಎಳೆದೂ ಎಳೆದೂ ಕೊನೆಗೆ ಉಳಿದದ್ದು ಎರಡೇ.

ಒಂದು, ಕಳೆದ ವರ್ಷದ ಪ್ರಾಜೆಕ್ಟು. ಎಂಟು ತಿಂಗಳು ನಾವು ಆರು ಜನ ಕೂತು ಕಟ್ಟಿದ್ದನ್ನ ಒಂದು ಗುರುವಾರ ನಿಲ್ಲಿಸಿಬಿಟ್ಟರು. ನಿರ್ಧಾರವಾದ ಮೀಟಿಂಗಿನಲ್ಲಿ ನಮ್ಮವರು ಯಾರೂ ಇರಲಿಲ್ಲ. ಲೆಕ್ಕ ಕೂಡಲಿಲ್ಲವಂತೆ, ಅಷ್ಟೇ ಉತ್ತರ. ಮೊದಲು ಸಿಟ್ಟು ಬಂತು. ಆಮೇಲೆ ಸಿಟ್ಟು ಇಳಿದರೂ ಕುತೂಹಲ ಇಳಿಯಲಿಲ್ಲ. ಯಾವ ಲೆಕ್ಕ? ಯಾರು ಹಾಕಿದ್ದು? ಅದರಲ್ಲಿ ಏನೇನು ಹಿಡಿದರು, ಏನೇನು ಬಿಟ್ಟರು?

ಎರಡನೆಯದು ಮಾವನ ಪ್ರಶ್ನೆ. ಎರಡು ವರ್ಷದ ಹಿಂದೆ ಊರಿಗೆ ಹೋದಾಗ ಮಾವ ಮಿಲ್ಲಿಗೆ ಸಾರ್ಟೆಕ್ಸ್ ಹಾಕಿಸುವ ಯೋಚನೆಯಲ್ಲಿದ್ದರು. ಅಕ್ಕಿಯಲ್ಲಿರುವ ಕಪ್ಪು ಕಾಳು, ಹಳದಿ ಕಾಳು, ಕಲ್ಲು ಎಲ್ಲಾ ಬೇರೆ ಮಾಡುವ ಯಂತ್ರ. ನನಗೋ ಖುಷಿ. ಒಳಗೆ ಕ್ಯಾಮೆರಾ ಇರುತ್ತೆ ಮಾವ, ಬೀಳುವ ಒಂದೊಂದು ಕಾಳಿನ ಬಣ್ಣ ನೋಡುತ್ತೆ, ಕೆಟ್ಟದ್ದು ಕಂಡರೆ ಕಣ್ಣು ಮಿಟುಕಿಸುವಷ್ಟರಲ್ಲಿ ಗಾಳಿ ಊದಿ ಪಕ್ಕಕ್ಕೆ ತಳ್ಳುತ್ತೆ ಅಂತ ಅರ್ಧ ಗಂಟೆ ವಿವರಿಸಿದೆ. ಮಾವ ಪೂರ್ತಿ ಕೇಳಿಸಿಕೊಂಡು ಅಂದರು, "ಅದ್ ಹೆಂಗೆ ಕೆಲ್ಸ ಮಾಡ್ತದೆ ಅಂತ ಕೇಳ್ನಿಲ್ಲ ಕಣಳಿಯ. ಸಾಲ ಮಾಡಿ ತಗೊಳ್ಳನಾ ಬ್ಯಾಡ್ವಾ, ಅದ್ ಹೇಳು."

ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾವ ತಾವೇ ಹಳೇ ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದರು. ಕ್ವಿಂಟಾಲ್ ಭತ್ತಕ್ಕೆ ಅಕ್ಕಿ ಸಿಗೋದು ಸುಮಾರು 65-67 ಕೆಜಿ. ಹೊಟ್ಟೇ 20 ಕೆಜಿ ಹೋಗುತ್ತೆ. ತೌಡು ಎಣ್ಣೆ ಕಾರ್ಖಾನೆಗೆ, ನುಚ್ಚಿಗೆ ಬೇರೆ ರೇಟು. ಅಕ್ಕಿಯಲ್ಲಿ ಉಳಿಯೋದು ಅಷ್ಟಕ್ಕಷ್ಟೇ, ತೌಡು ಹೊಟ್ಟಿನ ದುಡ್ಡೇ ಮಿಲ್ಲನ್ನ ನಡೆಸೋದು ಅಂತ ನನಗೆ ಗೊತ್ತಾಗಿದ್ದೇ ಅವತ್ತು. ಭತ್ತಕ್ಕೆ ರೈತನಿಗೆ ಕೈಮೇಲೆ ದುಡ್ಡು ಕೊಡಬೇಕು, ಅಕ್ಕಿ ದುಡ್ಡು ಬರೋದು ತಿಂಗಳು ಬಿಟ್ಟು. ನಡುವಿನ ಆ ದಿನಗಳಿಗೆ ಬಡ್ಡಿ ಯಾರು ಕಟ್ಟೋದು? ವರ್ಷದಲ್ಲಿ ಎಷ್ಟು ದಿನ ಯಂತ್ರ ಸುಮ್ಮನೆ ನಿಲ್ಲುತ್ತೆ? ಕೊನೆಗೆ ಬೇಡ ಅಂದರು. ಪಕ್ಕದ ದೊಡ್ಡ ಮಿಲ್ಲಿನವರು ಹಾಕಿಸಿದರು. ಈಗ ಅಂಗಡಿಯವರು ಸಾರ್ಟೆಕ್ಸ್ ಅಕ್ಕಿಯನ್ನೇ ಕೇಳ್ತಾರೆ. ಮಾವ ರೈತರ ಮನೆಬಳಕೆಯ ಭತ್ತವನ್ನ ಕೂಲಿಗೆ ಬಡಿದು ಕೊಡ್ತಾ ಇದ್ದಾರೆ, ಆದರೆ ತಲೆಯ ಮೇಲೆ ಸಾಲ ಇಲ್ಲ. ಅವರು ಮಾಡಿದ್ದು ಸರಿಯೋ ತಪ್ಪೋ ಇವತ್ತಿಗೂ ಗೊತ್ತಿಲ್ಲ. ನನಗೆ ಬೇಕಾಗಿರೋದು ಆ ಲೆಕ್ಕ ಹಾಕುವ ವಿದ್ಯೆ. "ಹೇಗೆ" ಅನ್ನೋದಕ್ಕೆ ಆರು ವರ್ಷದಿಂದ ಉತ್ತರ ಕೊಡ್ತಾ ಇದ್ದೀನಿ, "ಮಾಡಬೇಕಾ ಬೇಡ್ವಾ" ಅನ್ನೋದಕ್ಕೆ ಒಂದು ಸಲವೂ ಕೊಟ್ಟಿಲ್ಲ.

ಅದಕ್ಕೆ ಬಿಸಿನೆಸ್ ಸ್ಕೂಲೇ ಬೇಕಾ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಮ್ಮೂರ ಸದ್ವೈದ್ಯಶಾಲೆಯನ್ನ ಬಿ.ವಿ. ಪಂಡಿತರು ಶುರು ಮಾಡಿದ್ದು 1913ರಲ್ಲಿ. ದೇಶದ ಮೊದಲ ಐಐಎಂಗಳು ಹುಟ್ಟಿದ್ದೇ 1961ರಲ್ಲಿ. ನಂಜನಗೂಡು ಹಲ್ಲುಪುಡಿ ಊರೂರಿಗೆ ತಲುಪೋಕೆ ಯಾರ ಮಾರ್ಕೆಟಿಂಗ್ ಪಾಠವೂ ಬೇಕಾಗಲಿಲ್ಲ. ಮೈಸೂರಿನ ಎನ್‌ಐಇಯಲ್ಲಿ ಓದಿದ ನಾರಾಯಣ ಮೂರ್ತಿಯವರು ಐಐಎಂ ಅಹಮದಾಬಾದಿಗೆ ಹೋಗಿದ್ದು ಪ್ರೋಗ್ರಾಮರ್ ಆಗಿ, ವಿದ್ಯಾರ್ಥಿಯಾಗಿ ಅಲ್ಲ. ಮಾವನೇ ಯಾವ ಕಾಲೇಜಿಗೆ ಹೋಗಿದ್ದರು?

ಆದರೆ ಮಾವ ಆ ಲೆಕ್ಕ ಕಲಿತದ್ದು ಮೂವತ್ತು ವರ್ಷದಲ್ಲಿ, ಅದೂ ಸ್ವಂತ ದುಡ್ಡು ಕಳೆದುಕೊಂಡು. ಹಾರ್ವರ್ಡಿನಿಂದ ಬಂದ ಕೇಸ್ ಸ್ಟಡಿ ಪದ್ಧತಿ ಅಂದರೆ ನನಗೆ ಅರ್ಥವಾದ ಮಟ್ಟಿಗೆ ಬೇರೆಯವರು ದುಡ್ಡು ಕಳೆದುಕೊಂಡ, ಮಾಡಿಕೊಂಡ ಕತೆಗಳನ್ನ ದಿನಕ್ಕೆ ಎರಡು ಮೂರರಂತೆ ಓದಿ ಜಗಳವಾಡೋದು. ಆಫೀಸಲ್ಲೇ ಪ್ರಾಡಕ್ಟ್ ಕಡೆ ಹೋಗ್ತೀನಿ ಅಂತ ಕೇಳಿ ನೋಡಿದೆ. ಎಂಬಿಎ ಇದೆಯಾ ಅಂದರು, ಇಲ್ಲಾಂದ್ರೆ ಎರಡು ವರ್ಷ ಕಾಯಿ ಅಂದರು. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಕೋರ್ಸೂ ಸೇರಿದೆ. ನಾಲ್ಕನೇ ವಾರಕ್ಕೆ ರಿಲೀಸ್ ಬಂತು, ಪಾಠ ಅಲ್ಲೇ ನಿಂತಿತು.

ನರಸೀಪುರದ ಗುಂಜಾ ನರಸಿಂಹಸ್ವಾಮಿಯನ್ನ ನೋಡಿದವರಿಗೆ ಗೊತ್ತು, ಸ್ವಾಮಿಯ ಕೈಯಲ್ಲಿ ಒಂದು ಗುಲಗಂಜಿ ಇದೆ. ಕಾಶಿಯನ್ನೂ ನರಸೀಪುರವನ್ನೂ ತೂಗಿದರೆ ನಮ್ಮ ಕ್ಷೇತ್ರವೇ ಒಂದು ಗುಲಗಂಜಿಯಷ್ಟು ಹೆಚ್ಚು ಅಂತ ಅಲ್ಲಿನವರ ನಂಬಿಕೆ. ನನ್ನ ತಕ್ಕಡಿಯೂ ಹಾಗೇ ಆಗಿದೆ. 67 ಲಕ್ಷ ಒಂದು ಕಡೆ, ಮಾವನ ಒಂದು ಪ್ರಶ್ನೆ ಇನ್ನೊಂದು ಕಡೆ, ಮುಳ್ಳು ಸ್ವಲ್ಪವೇ ಸ್ವಲ್ಪ ಹೋಗುವ ಕಡೆಗೆ ವಾಲಿದೆ. ಮನೆಯ ಸಾಲದ ಕಂತು ತಿಂಗಳಿಗೆ 18,000. ಅದರ ಒಂದು ವರ್ಷದ ದುಡ್ಡು ಬೇರೆ ಎತ್ತಿಟ್ಟಾಗಿದೆ. ಅಪ್ಪ "ನೋಡಪ್ಪ, ನಿನಗೆ ಬಿಟ್ಟಿದ್ದು" ಅಂದು ಪೇಪರ್ ಓದೋಕೆ ಕೂತರು. ಒಪ್ಪಿಗೆಯಂತೂ ಅಲ್ಲ, ಬೇಡ ಅಂತಲೂ ಅನ್ನಲಿಲ್ಲ.

ಆದರೂ ಇನ್ನೂ ದುಡ್ಡು ಕಟ್ಟಿಲ್ಲ. ಕಾರಣ ಅಪ್ಪನ ಹೃದಯ. ಎರಡು ವರ್ಷದ ಹಿಂದೆ ಮೈಸೂರಲ್ಲಿ ಸ್ಟೆಂಟ್ ಹಾಕಿಸಿದ್ದು ನನ್ನ ಕಂಪನಿಯ ವಿಮೆಯಲ್ಲಿ. ಕೆಲಸ ಬಿಟ್ಟ ದಿನ ಆ ವಿಮೆಯೂ ಹೋಗುತ್ತೆ. ಹೊಸದಾಗಿ ಪಾಲಿಸಿ ತಗೊಂಡರೆ ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಗುಂಪು ವಿಮೆಯಿಂದ ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳುವ ದಾರಿ ಇದೆ, ಆದರೆ ಅವರು ಒಪ್ಪಬೇಕು. ಅರ್ಜಿ ಹಾಕಿ ಹನ್ನೆರಡು ದಿನ ಆಯ್ತು, ಅಪ್ಪನ ಹಳೇ ರಿಪೋರ್ಟುಗಳನ್ನೆಲ್ಲಾ ಕಳಿಸಿದ್ದೀನಿ. ಅವರು ಹೂಂ ಅಂದರೆ ಅವತ್ತೇ ಕಂತು ಕಟ್ಟಿ ರಾಜೀನಾಮೆ ಕೊಡ್ತೀನಿ. ಊಹೂಂ ಅಂದರೆ ಈ ವರ್ಷ ಹೋಗಲ್ಲ. ಇಷ್ಟು ಮಾತ್ರ ಗಟ್ಟಿ.

ಇಂಥ ಲೆಕ್ಕ ಹಾಕಿದವರು ನಿಮ್ಮಲ್ಲೂ ಇರ್ತೀರಿ. ಹೋಗಿ ಬಂದವರ ಕತೆ ಬ್ರೋಷರುಗಳಲ್ಲಿ ಬೇಕಾದಷ್ಟು ಓದಿದ್ದೀನಿ. ಸೀಟು ಸಿಕ್ಕಿಯೂ ಹೋಗದೇ ಉಳಿದವರು ಯಾರಾದರೂ ಇದ್ದರೆ, ಐದಾರು ವರ್ಷ ಆದಮೇಲೆ ಹೇಗನ್ನಿಸ್ತಾ ಇದೆ ಅಂತ ದಯವಿಟ್ಟು ಹೇಳಿ. ತಿಂಗಳು ಮುಗಿಯೋಕೆ ಇನ್ನೂ ಒಂಬತ್ತು ದಿನ ಇದೆ.