ಕೊಟ್ಟಿಗೆಯು ಸ್ವೇದಗೃಹವಾದ ಬಗೆ

ದನಕರುಗಳಿಲ್ಲದ ಕೊಟ್ಟಿಗೆಗಳು ಈಗ ನಮ್ಮ ಕಡೆಯ ಊರುಗಳಲ್ಲಿ ಅಪರೂಪವಲ್ಲ. ಟ್ರ್ಯಾಕ್ಟರು ಬಂದಿತು, ಎತ್ತುಗಳು ಹೋದವು. ಬರಿದಾದ ನಮ್ಮ ಹಿತ್ತಲಿನ ಕೊಟ್ಟಿಗೆಯನ್ನು ಉಗಿಸ್ನಾನದ ಮನೆಯಾಗಿ ಮಾರ್ಪಡಿಸಬೇಕೆಂದು ನಮ್ಮ ಮಗನು ಹಟ ಹಿಡಿದನು. ‘ಅವ್ವನ ಮೊಣಕಾಲಿಗೆ ಭಾಳ ಛಲೋ ಆಗತೈತ್ರಿ ಅಪ್ಪಾಜಿ’ ಎಂಬುದು ಅವನ ವಾದ. ಪಟ್ಟಣದವರು ಇದನ್ನು ‘ಸ್ಪಾ’ ಎನ್ನುತ್ತಾರೆ. ಅದು ಬೆಲ್ಜಿಯಂ ದೇಶದಲ್ಲಿ ಖನಿಜಜಲದ ಬುಗ್ಗೆಗಳಿರುವ ಒಂದು ಊರಿನ ಹೆಸರು.

ನೆರೆಹೊರೆಯವರು ಇದನ್ನು ಹೊಸಕಾಲದ ವಿಲಾಸವೆಂದು ನಕ್ಕರು. ನಮಗೆ ಹಾಗೆನಿಸಲಿಲ್ಲ. ಮಠದ ಪಾಠಶಾಲೆಯಲ್ಲಿ ಸಂಸ್ಕೃತ ಕಲಿಯುವಾಗಲೇ ಚರಕಸಂಹಿತೆಯ ಸೂತ್ರಸ್ಥಾನದ ಹದಿನಾಲ್ಕನೆಯ ಅಧ್ಯಾಯವನ್ನು ನಾವು ಓದಿದ್ದೆವು. ಬೆಂಕಿಯ ಸಹಾಯದಿಂದ ಬೆವರಿಸುವ 13 ವಿಧಾನಗಳು ಅಲ್ಲಿವೆ. ಅವುಗಳಲ್ಲಿ ‘ಜೇಂತಾಕ’ ಎಂಬುದಕ್ಕೆ ಪ್ರತ್ಯೇಕ ಕಟ್ಟಡವೇ ಬೇಕು. ಜಲಾಶಯದ ಬಳಿ, ಹದಿನಾರು ಅರತ್ನಿ ಎತ್ತರ ಮತ್ತು ಅಗಲದ, ಮಣ್ಣು ಮೆತ್ತಿದ ದುಂಡನೆಯ ಮನೆ. ಗೋಡೆಯ ಸುತ್ತ ಕಟ್ಟೆ. ನಡುವೆ ಆಳೆತ್ತರದ ಒಲೆ. ಅರತ್ನಿಯೆಂದರೆ ಮೊಣಕೈಯಿಂದ ಕಿರುಬೆರಳಿನ ತುದಿಯವರೆಗಿನ ಅಳತೆ. ಗಾಳಿಯಾಡಲು ಅನೇಕ ಕಿಂಡಿಗಳಿರಬೇಕೆಂಬುದನ್ನೂ ಆಚಾರ್ಯನು ಮರೆತಿಲ್ಲ.

ಕೆಲಸ ನಡೆದಾಗ ಆ ಕಿಂಡಿಗಳ ಬೆಲೆ ತಿಳಿಯಿತು. ಕೊಟ್ಟಿಗೆಯ ನೆಲವು ಗಂಜಳ ಹರಿದುಹೋಗಲೆಂದು ಮೊದಲೇ ಇಳಿಜಾರಾಗಿತ್ತು. ನೀರಿಗೂ ಅದೇ ದಾರಿ ಸಾಕಾಯಿತು. ಗೋಡೆಗಳೇ ತೊಡಕು. ತಲೆಮಾರುಗಳ ಗಂಜಳವನ್ನು ಹೀರಿದ ಗೋಡೆಯಲ್ಲಿ ಉಪ್ಪು ನಿಲ್ಲುತ್ತದೆ. ಮೇಲೆ ಸಿಮೆಂಟು ಬಳಿದರೆ ಅದು ಹಪ್ಪಳದಂತೆ ಏಳುತ್ತದೆ. ಮೊಳಕಾಲೆತ್ತರದವರೆಗೆ ಹಳೆಯ ಗಾರೆಯನ್ನು ಕಿತ್ತು, ಒಣಗಲು ಬಿಟ್ಟು, ಸುಣ್ಣದ ಗಾರೆ ಮಾಡಿಸಿದೆವು. ಒಲೆಯ ಬಾಯನ್ನು ಗೋಡೆಯ ಹೊರಕ್ಕೆ ಇರಿಸಿದೆವು. ಮುಚ್ಚಿದ ಕೋಣೆಯಲ್ಲಿ ಕಟ್ಟಿಗೆ ಉರಿದರೆ ಹುಟ್ಟುವ ವಿಷಾನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಒಳಗಿದ್ದವನು ಕೂಗುವ ಮುನ್ನವೇ ಪ್ರಜ್ಞೆ ತಪ್ಪುತ್ತಾನೆ. ಬಾಗಿಲು ಹೊರಕ್ಕೆ ತೆರೆಯುತ್ತದೆ, ಒಳಗೆ ಅಗುಳಿಯಿಲ್ಲ. ಲಜ್ಜೆಗೆ ಪರದೆ ಸಾಕು.

ಎಲ್ಲವೂ ಸಿದ್ಧವಾದಾಗ ನಾವು ಅದೇ ಅಧ್ಯಾಯವನ್ನು ಮತ್ತೆ ತೆರೆದೆವು. ಸ್ವೇದನ ಯಾರಿಗೆ ಸಲ್ಲದೆಂಬ ಪಟ್ಟಿಯಲ್ಲಿ ಗರ್ಭಿಣಿಯರೊಂದಿಗೆ ಮಧುಮೇಹಿಗಳೂ ಇದ್ದಾರೆ. ನಮ್ಮ ಮನೆಯವರಿಗೆ ಸಕ್ಕರೆ ಕಾಯಿಲೆ ಹಿಡಿದು ಬಹಳ ವರ್ಷಗಳಾದವು, ಪಾದಗಳಲ್ಲಿ ಜೋಮು. ಯಾರಿಗಾಗಿ ಕಟ್ಟಿಸಿದ್ದೋ ಅವರಿಗೇ ಅದು ನಿಷಿದ್ಧ! ಮಗನು ಒಪ್ಪಲಿಲ್ಲ. ‘ಹಳೇ ಪುಸ್ತಕದ ಮಾತು ಬಿಡ್ರಿ’ ಎಂದನು. ಸರಿ, ಪುಸ್ತಕ ಬೇಡ, ವೈದ್ಯರನ್ನೇ ಕೇಳೋಣವೆಂದು ಪಟ್ಟಣಕ್ಕೆ ಹೋದೆವು. ವೈದ್ಯರು ಅವರ ಹೆಬ್ಬೆರಳನ್ನು ಮುಟ್ಟಿ, ‘ಗೊತ್ತಾಗುತ್ತದೆಯೇ ತಾಯಿ?’ ಎಂದರು. ಕಣ್ಣು ಮುಚ್ಚಿ ಕುಳಿತಿದ್ದ ಅವರು, ‘ಇನ್ನೂ ಮುಟ್ಟೇ ಇಲ್ಲಲ್ಲರೀ’ ಎಂದರು. ಮಗನು ಮತ್ತೆ ವಾದಿಸಲಿಲ್ಲ. ಸ್ಪರ್ಶ ತಿಳಿಯದ ಕಾಲಿಗೆ ಬಿಸಿಯೂ ತಿಳಿಯದು. ಸುಟ್ಟ ಗಾಯವು ಮಾಯುವುದೂ ತಡ.

ಈಗ ಉಗಿಕೋಣೆಯಲ್ಲಿ ಕೂಡುವವರು ಮಗ, ಸೊಸೆ ಮತ್ತು ಬೆನ್ನು ಹಿಡಿದಾಗ ನಾವು. ಅದೂ ಹತ್ತು ನಿಮಿಷಕ್ಕೆ ಮೀರದಂತೆ. ಹೊರಬಂದೊಡನೆ ತಣ್ಣೀರು ಮುಟ್ಟಬಾರದೆಂಬ ಚರಕನ ಮಾತನ್ನು ಮೂವರೂ ಪಾಲಿಸುತ್ತೇವೆ. ನಮ್ಮ ಮನೆಯವರು ಗೋದಲಿಯಿದ್ದ ಜಾಗದ ಕಲ್ಲುಕಟ್ಟೆಯ ಮೇಲೆ ಕುಳಿತು ಮೊಣಕಾಲಿಗೆ ಎಳ್ಳೆಣ್ಣೆ ತಿಕ್ಕಿಸಿಕೊಳ್ಳುತ್ತಾರೆ. ಸೊಸೆಯು ಮೊಣಕೈ ಅದ್ದಿ ನೋಡಿದ ಬಳಿಕವೇ ಉಗುರುಬೆಚ್ಚಗಿನ ನೀರು ಹಾಕುವುದು. ನೋವು ಹೋಗಿಲ್ಲ, ರಾತ್ರಿಯ ನಿದ್ದೆ ಬಂದಿದೆ. ಕೊನೆಗೆ ಮಗನು ತಾಯಿಯ ಪಾದಗಳನ್ನು ಒರೆಸಿ, ಬೆರಳುಗಳ ಸಂದಿನಲ್ಲಿ ಗಾಯವಿದೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತಾನೆ. ‘ಎತ್ತಿನ ಗೊರಸು ನೋಡಿಧಂಗ ನೋಡತಾನ’ ಎಂದು ಅವರು ನಗುತ್ತಾರೆ.