ಎಂಟರ ಫ್ಯಾಕ್ಟೋರಿಯಲ್

ತಪ್ಪು ತೋರಿಸಿದ ಕಂಪೈಲರ್‌ಗಿಂತ, ತಪ್ಪೇ ಇಲ್ಲ ಎಂದ ಕಂಪೈಲರ್ ನನ್ನನ್ನು ಹೆಚ್ಚು ಕಾಡಿತು.

ಎಂಜಿನಿಯರಿಂಗ್ ಮೊದಲ ವರ್ಷದ ಮಾತು. ಹತ್ತನೆಯ ತರಗತಿಯವರೆಗೆ ತಾಲ್ಲೂಕಿನ ಕನ್ನಡ ಶಾಲೆಯಲ್ಲಿ ಓದಿದವಳು ನಾನು, ಗಣಿತದಲ್ಲಿ ಎಂದೂ ಹಿಂದೆ ಬಿದ್ದವಳಲ್ಲ. ಬ್ರಾಂಚ್ ಯಾವುದೇ ಇರಲಿ, ಸಿ ಪ್ರೋಗ್ರಾಮಿಂಗ್ ಎಲ್ಲರಿಗೂ ಕಡ್ಡಾಯವಾಗಿತ್ತು. ಲ್ಯಾಬ್‌ನಲ್ಲಿ ಟರ್ಬೊ ಸಿ. ನೀಲಿ ಪರದೆ, ಹಳದಿ ಅಕ್ಷರ. ಒಂದು ಕಂಪ್ಯೂಟರಿಗೆ ಇಬ್ಬರು. ಮನೆಯಲ್ಲಿ ಕಂಪ್ಯೂಟರ್ ಇದ್ದವರ ಕೈಗೇ ಕೀಬೋರ್ಡ್ ಹೋಗುತ್ತಿತ್ತು. ನಾನು ಪಕ್ಕದಲ್ಲಿ ಕೂತು ರೆಕಾರ್ಡ್ ನೋಡಿ ಓದಿ ಹೇಳುತ್ತಿದ್ದೆ.

‘ಕನ್ನಡ ಮೀಡಿಯಂ ಅಲ್ವಾ, ಕಷ್ಟ ಆಗುತ್ತೆ’ ಎನ್ನುವವರೇ ಎಲ್ಲ. ಕಷ್ಟ ಅಲ್ಲಿರಲಿಲ್ಲ. ಆನ್ಸಿ ಸಿಯಲ್ಲಿ ಇರುವುದೇ 32 ಕೀವರ್ಡ್. ಇಫ್, ಎಲ್ಸ್, ಫಾರ್, ವೈಲ್ ಕಲಿಯಲು ಯಾವ ಮೀಡಿಯಂ ಬೇಕು? ನನ್ನನ್ನು ತಡೆದು ನಿಲ್ಲಿಸಿದ್ದು ನಾನು ನೆಚ್ಚಿಕೊಂಡಿದ್ದ ಗಣಿತ. ಲೆಕ್ಚರರ್ ಬೋರ್ಡಿನ ಮೇಲೆ ‘ಐ = ಐ + 1’ ಎಂದು ಬರೆದರು. ಎರಡೂ ಕಡೆಯ ಐ ಹೊಡೆದುಹಾಕಿದರೆ ಸೊನ್ನೆ ಒಂದಕ್ಕೆ ಸಮ ಎಂದಾಗುತ್ತದೆ. ಎದ್ದು ನಿಂತು ಕೇಳಿದೆ. ‘ಅದನ್ನ ಹಾಗೇ ಬರೆಯೋದು, ಬರ್ಕೊಳ್ಳಿ’ ಎಂದರು. ಬಲಗಡೆಯದನ್ನು ಮೊದಲು ಲೆಕ್ಕ ಮಾಡು, ಬಂದದ್ದನ್ನು ಐ ಎಂಬ ಜಾಗದಲ್ಲಿ ಇಡು ಎಂಬ ಆಜ್ಞೆ ಅದು, ಸಮೀಕರಣವಲ್ಲ. ಇಷ್ಟನ್ನು ಅಂದೇ ಯಾರಾದರೂ ಹೇಳಿದ್ದರೆ ನನಗೆ ಒಂದು ಸೆಮಿಸ್ಟರಿನ ಸಂಕಟ ತಪ್ಪುತ್ತಿತ್ತು. ಇಂದಿಗೂ ಈ ಬಗ್ಗೆ ನನಗೆ ಸಿಟ್ಟಿದೆ.

ಆಮೇಲೆ ಉಳಿದದ್ದು ಬಾಯಿಪಾಠ. ಲ್ಯಾಬ್ ಪರೀಕ್ಷೆಯಲ್ಲಿ ಚೀಟಿ ಎತ್ತಬೇಕು, ಬಂದ ಪ್ರೋಗ್ರಾಮನ್ನು ಟೈಪ್ ಮಾಡಿ ಔಟ್‌ಪುಟ್ ತೋರಿಸಬೇಕು. ಹಾಸ್ಟೆಲಿನಲ್ಲಿ ಸೆಮಿಕೋಲನ್ ಸಮೇತ ಮಗ್ಗಿಯ ಹಾಗೆ ಉರು ಹೊಡೆದೆವು. ಸಾಲಿನ ಕೊನೆಯಲ್ಲಿ ಒಂದು ಸೆಮಿಕೋಲನ್ ಬಿಟ್ಟರೆ ಟರ್ಬೊ ಸಿ ಅದರ ಮುಂದಿನ ಸಾಲನ್ನು ತೋರಿಸಿ ತಪ್ಪು ಎನ್ನುತ್ತಿತ್ತು. ಸರಿಯಿದ್ದ ಸಾಲನ್ನೇ ಮತ್ತೆ ಮತ್ತೆ ತಿದ್ದುತ್ತಾ ಎಷ್ಟೋ ಹೊತ್ತು ಕಳೆದಿದ್ದೇವೆ. ಲ್ಯಾಬ್ ಇದ್ದ ದಿನ ನನಗೆ ತಿಂಡಿ ಸೇರುತ್ತಿರಲಿಲ್ಲ. ಮನೆಯಿಂದ ಫೋನ್ ಬಂದರೆ ಚೆನ್ನಾಗಿದ್ದೀನಿ ಎನ್ನುತ್ತಿದ್ದೆ. ಫೀಸಿಗೆ ಅಪ್ಪ ಸೊಸೈಟಿಯಲ್ಲಿ ಸಾಲ ಮಾಡಿದ್ದರು. ಬಿಟ್ಟು ಬರ್ತೀನಿ ಎಂಬ ಮಾತು ಬಾಯಿಗೆ ಬಂದರೂ ಆಡುವ ಹಾಗಿರಲಿಲ್ಲ.

ಒಂದು ಸಂಜೆ, ಲ್ಯಾಬ್ ಮುಚ್ಚುವ ಹೊತ್ತಿಗೆ, ಅಲ್ಲಿನ ಅಸಿಸ್ಟೆಂಟ್ ಒಬ್ಬರು ಎಫ್7 ಒತ್ತಿ ನೋಡು ಎಂದರು. ಪ್ರೋಗ್ರಾಮ್ ಒಂದೊಂದೇ ಸಾಲು ನಡೆಯಿತು. ಕಂಟ್ರೋಲ್ ಎಫ್7 ಒತ್ತಿ ಐ ಎಂದು ಕೊಟ್ಟರೆ ಕೆಳಗಿನ ಕಿಂಡಿಯಲ್ಲಿ ಅದರ ಬೆಲೆ. 1 ಇದ್ದದ್ದು ನನ್ನ ಕಣ್ಣೆದುರೇ 2 ಆಯಿತು. ಬೋರ್ಡಿನ ಮೇಲಿನ ಆ ಸಾಲು ನನಗೆ ಅರ್ಥವಾದದ್ದು ಆಗ.

ಮುಂದಿನ ಲ್ಯಾಬ್‌ನಲ್ಲಿ ಫ್ಯಾಕ್ಟೋರಿಯಲ್, ಅಂದರೆ ಒಂದರಿಂದ ಕೊಟ್ಟ ಸಂಖ್ಯೆಯವರೆಗಿನದನ್ನೆಲ್ಲ ಗುಣಿಸುವುದು. ಐದಕ್ಕೆ 120, ಏಳಕ್ಕೆ 5040. ಎಂಟು ಕೊಟ್ಟೆ. ಬಂದದ್ದು -25216. ಎರರ್ ಸೊನ್ನೆ, ವಾರ್ನಿಂಗ್ ಸೊನ್ನೆ. ಎಂಟು ಸಂಖ್ಯೆ ಗುಣಿಸಿದರೆ ಮೈನಸ್ ಎಲ್ಲಿಂದ ಬರಬೇಕು? ಜೊತೆಯವಳು, ‘ಎಕ್ಸಾಮಲ್ಲಿ ಐದೇ ಕೊಡೋಣ ಬಿಡು’ ಎಂದಳು. ಎಲ್ಲರೂ ಐದೇ ಕೊಡುತ್ತಿದ್ದರು. ನನಗೆ ಬಿಡಲಾಗಲಿಲ್ಲ. ಎಫ್7 ಒತ್ತುತ್ತಾ ಹೋದೆ. 5040ರವರೆಗೆ ಸರಿಯಿದ್ದದ್ದು ಮುಂದಿನ ಗುಣಾಕಾರಕ್ಕೇ ಹಾರಿಹೋಯಿತು.

ಅಸಿಸ್ಟೆಂಟ್ ಬಂದು ನೋಡಿ, ಪೂರ್ಣಾಂಕ ಇಡುವ ಇಂಟ್‌ಗೆ ಇಲ್ಲಿ ಎರಡೇ ಬೈಟ್, ಅಂದರೆ 16 ಬಿಟ್, ಎಂದರು. ಅದರಲ್ಲಿ ಹಿಡಿಸುವುದು 65536 ಬೆಲೆಗಳು. ಅರ್ಧ ಋಣಸಂಖ್ಯೆಗಳಿಗೆ ಹೋದರೆ ಮೇಲಿನ ತುದಿ 32767. ರೆಕಾರ್ಡಿನ ಹಿಂದಿನ ಹಾಳೆಯಲ್ಲಿ ಎಂಟರ ನಿಜವಾದ ಉತ್ತರ 40320ರಿಂದ 65536 ಕಳೆದೆ. -25216! ಪರದೆಯ ಮೇಲಿದ್ದ ಅದೇ ಸಂಖ್ಯೆ. ಅಲ್ಲೇ ಕೂತು ಅತ್ತುಬಿಟ್ಟೆ. ಯಂತ್ರ ಮನಸ್ಸಿಗೆ ಬಂದಂತೆ ಉತ್ತರ ಕೊಡುತ್ತಿರಲಿಲ್ಲ, ನಾನೂ ದಡ್ಡಿಯಾಗಿರಲಿಲ್ಲ. ಡೆನ್ನಿಸ್ ರಿಚಿ 1972ರ ಸುಮಾರಿಗೆ ಬೆಲ್ ಲ್ಯಾಬ್ಸ್‌ನಲ್ಲಿ ಸಿ ರೂಪಿಸಿದರು ಎಂಬುದನ್ನು ಎರಡು ಅಂಕಕ್ಕೆ ಓದಿದ್ದೆವು. ಅವರು ಬಳಸಿದ ಪಿಡಿಪಿ-11 ಯಂತ್ರದಲ್ಲೂ ಇಂಟ್ 16 ಬಿಟ್‌ನದ್ದೇ ಆಗಿತ್ತು ಎಂದು ಪಾಠದಲ್ಲಿ ಸೇರಿಸಿದ್ದರೆ ಆ ಇಸವಿಗೂ ಒಂದು ಅರ್ಥ ಬರುತ್ತಿತ್ತು.

ಇಂಟ್ ತೆಗೆದು ಅದಕ್ಕಿಂತ ದೊಡ್ಡ ಸಂಖ್ಯೆ ಹಿಡಿಸುವ ಲಾಂಗ್ ಹಾಕಿದೆ. ಎಂಟಕ್ಕೆ 40320 ಬಂತು. ಹನ್ನೆರಡರವರೆಗೆ ಎಲ್ಲ ಸರಿ. ಹದಿಮೂರಕ್ಕೆ 1932053504 ಬಂತು, ಮೈನಸ್ ಇಲ್ಲದೆ, ನೋಡಲು ನಿಜವಾದ ಉತ್ತರದ ಹಾಗೇ. ಜೊತೆಯವಳು ಸರಿಯಿದೆ ಎಂದಳು. ನಾನು ಕೈಯಲ್ಲಿ ಗುಣಿಸಿದೆ: 6227020800. ಲಾಂಗ್‌ನ ಮೇಲಿನ ತುದಿ 2147483647. ಇದು ಅದರಲ್ಲಿ ಹಿಡಿಸುವುದಿಲ್ಲ. ರೆಕಾರ್ಡಿನ ಔಟ್‌ಪುಟ್ ಪುಟದಲ್ಲಿ ಐದರ ಕೆಳಗೆ ಎಂಟು, ಹನ್ನೆರಡು, ಹದಿಮೂರು ಮೂರನ್ನೂ ಬರೆದೆ. ಹದಿಮೂರರ ಮುಂದೆ ‘ಈ ಉತ್ತರ ತಪ್ಪು’ ಎಂದು ಬರೆದು, ಕಾರಣವನ್ನೂ ಸೇರಿಸಿ, ಸಹಿಗೆ ಕೊಟ್ಟೆ.