ಇಡಿಯೋ, ಬಿಡಿಯೋ?

ಕೊಳ್ಳುವವರಲ್ಲಿ ಎರಡು ಪಂಗಡ: ಇಡಿಯಾಗಿ ಕೊಳ್ಳುವವರು, ಬಿಡಿಯಾಗಿ ಕೊಳ್ಳುವವರು. ಪೊಟ್ಟಣದ ಸಾರಿನಪುಡಿಯಿಂದ ನಿಶ್ಚಿಂತರಾಗುವ ಗೃಹಿಣಿಯರುಂಟು. ಧನಿಯ, ಮೆಣಸು, ಜೀರಿಗೆಗಳನ್ನು ಬೇರೆ ಬೇರೆ ತಂದು, ಹುರಿದು ಕುಟ್ಟಿದ ಹೊರತು ಅದನ್ನು ಸಾರೆಂದೇ ಒಪ್ಪದವರೂ ಉಂಟು. ಅಡಿಗೆಮನೆಯ ಈ ವಿವಾದವನ್ನು ನಮ್ಮ ಮನೆಯ ಮೋಟಾರು ಸೈಕಲ್ಲು ಇದೀಗ ಹಜಾರಕ್ಕೆ ತಂದು ನಿಲ್ಲಿಸಿದೆ.

ಅದು ಯೆಜ್ಡಿ. ಚೆಕೊಸ್ಲೊವಾಕಿಯದ ಜಾವಾ ಸಂಸ್ಥೆಯ ಪರವಾನಗಿ ಪಡೆದು 1961ರಲ್ಲಿ ಮೈಸೂರಿನಲ್ಲಿ ಕೆಲಸ ಆರಂಭಿಸಿ, 1996ರಲ್ಲಿ ಬಾಗಿಲು ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯ ಸಂತಾನ. ಗೇರು ಬದಲಿಸುವ ಲಿವರನ್ನೇ ಮೇಲಕ್ಕೆ ತಿರುಗಿಸಿ ಒದ್ದರೆ ಎಂಜಿನು ಚಾಲೂ ಆಗುವ ಅದರ ಚಮತ್ಕಾರ ಹಳಬರಿಗೆ ಗೊತ್ತು. ನಮ್ಮ ತಂದೆಯವರು ಅದರ ಮೇಲೆಯೇ ನಿವೃತ್ತಿಯವರೆಗೆ ಕಚೇರಿಗೆ ಹೋದರು. ನಾನು ಪೆಟ್ರೋಲು ಟ್ಯಾಂಕನ್ನು ತಬ್ಬಿ ಕುಳಿತು ಶಾಲೆಗೆ ಹೋದೆ. ಈಗ ಅವರಿಗೆ ಎಪ್ಪತ್ತೆಂಟು. ಕಿವಿ ಮಂದವಾಗಿದೆ. ಆದರೂ ಬೀದಿಯಲ್ಲಿ ಯಾರದೋ ಯೆಜ್ಡಿ ಹೋದರೆ ಓದುತ್ತಿದ್ದ ಪತ್ರಿಕೆಯಿಂದ ತಲೆಯೆತ್ತುತ್ತಾರೆ. "ನಮ್ಮದು ಯಾವಾಗಲೋ?" ಎಂಬ ಅವರ ಪ್ರಶ್ನೆಗೆ ಉತ್ತರ ಕೊಡಬೇಕಾದ ಭಾರ ನನ್ನದು.

ಉತ್ತರಗಳು ಎರಡಿದ್ದವು. ಒಬ್ಬ ವ್ಯಾಪಾರಿ ಪೂರ್ಣ ಎಂಜಿನನ್ನೇ ಕೊಡಲು ಸಿದ್ಧನಿದ್ದ. ಹೊಸ ಪಿಸ್ಟನ್ನು, ಬೇರಿಂಗು, ಸೀಲುಗಳನ್ನು ತೊಟ್ಟು, ಬಣ್ಣ ಬಳಿದುಕೊಂಡು ಮದುವಣಿಗನಂತೆ ಪೆಟ್ಟಿಗೆಯಲ್ಲಿ ಕುಳಿತ ಎಂಜಿನು. ಹಳೆಯದನ್ನು ಇಳಿಸಿ, ಇದನ್ನು ಏರಿಸಿ, ಬೋಲ್ಟು ಬಿಗಿದರೆ ಮುಗಿಯಿತು. ಬೆಲೆ ಮಾತ್ರ ನಮ್ಮ ಮೂರು ತಿಂಗಳ ಮನೆಖರ್ಚು. ಎರಡನೆಯ ಉತ್ತರ, ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಒಂದು, ಮೈಸೂರಿನ ಹಳೆಯ ಅಂಗಡಿಯಿಂದ ಇನ್ನೊಂದು, ಚೆಕ್ ದೇಶದಿಂದ ಬಂದದ್ದು ಮತ್ತೊಂದು ಎಂದು ಭಾಗಗಳನ್ನು ಕೂಡಿಸುವುದು. ಪಟ್ಟಿ ಮಾಡಿ ಕೂಡಿದರೆ ಅರ್ಧ ಬೆಲೆ. ಜಾವಾ ಹೆಸರು 2018ರಲ್ಲಿ ಮರಳಿ ಬಂದಿತಲ್ಲವೆ ಎಂದು ಕೆಲವರು ಕೇಳುತ್ತಾರೆ. ಹೆಸರೇನೋ ಬಂದಿತು, ಆದರೆ ಹೊಸದು ನಾಲ್ಕು ಸ್ಟ್ರೋಕಿನ ಎಂಜಿನು, ಅದರ ಭಾಗಗಳು ನಮ್ಮದಕ್ಕೆ ಒಗ್ಗುವುದಿಲ್ಲ.

ಅರ್ಧ ಬೆಲೆ ಎಂದೊಡನೆ ಹಿಗ್ಗುವ ಮುನ್ನ ಎಂಜಿನಿನ ಒಳಗನ್ನು ತಿಳಿಯಬೇಕು. ಪಿಸ್ಟನ್ನು ಅಲ್ಯುಮಿನಿಯಮ್ಮಿನದು, ಅದು ಓಡಾಡುವ ಸಿಲಿಂಡರು ಬೀಡುಕಬ್ಬಿಣದ್ದು. ಕಾವಿಗೆ ಮೊದಲನೆಯದು ಹೆಚ್ಚು ಹಿಗ್ಗುತ್ತದೆ. ಆದ್ದರಿಂದ ಎರಡರ ನಡುವೆ ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗದಷ್ಟು ತೆರಪು ಬಿಡಬೇಕು. ಕಡಿಮೆಯಾದರೆ ಪಿಸ್ಟನ್ನು ಕಚ್ಚಿಕೊಳ್ಳುತ್ತದೆ, ಹೆಚ್ಚಾದರೆ ಬಡಿದುಕೊಳ್ಳುತ್ತದೆ. ಇನ್ನೂ ಒಂದು ಸೂಕ್ಷ್ಮವುಂಟು. ಎರಡು ಸ್ಟ್ರೋಕಿನ ಎಂಜಿನಿನಲ್ಲಿ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಮೊದಲು ಪಿಸ್ಟನ್ನಿನ ಕೆಳಗಣ ಕ್ರ್ಯಾಂಕ್‌ಕೇಸಿನೊಳಗೆ ಅದುಮಲ್ಪಟ್ಟು, ಅನಂತರ ಮೇಲೇರುತ್ತದೆ. ಕ್ರ್ಯಾಂಕಿನ ತುದಿಯ ರಬ್ಬರು ಸೀಲು ಸೋರಿದರೆ ಹೊರಗಿನ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ, ಎಂಜಿನು ಮಿತಿಮೀರಿ ಕಾಯುತ್ತದೆ, ಪಿಸ್ಟನ್ನು ಕೆಡುತ್ತದೆ. ಬೆಲೆಬಾಳುವ ಪಿಸ್ಟನ್ನಿನ ಆಯುಸ್ಸು ಅಗ್ಗದ ಸೀಲಿನ ಕೈಯಲ್ಲಿದೆ! ಭಾಗಗಳು ಅಂಗಡಿಯಲ್ಲಿ ಸಿಕ್ಕುತ್ತವೆ; ಅವುಗಳ ಪರಸ್ಪರ ಸಂಬಂಧ ಯಾವ ಅಂಗಡಿಯಲ್ಲಿಯೂ ಸಿಕ್ಕುವುದಿಲ್ಲ.

ಕನ್ನಡ ಮೇಷ್ಟರ ಬುದ್ಧಿ ವ್ಯಾಕರಣಕ್ಕೆ ಓಡುವುದು ಸಹಜ. ಎರಡು ಒಳ್ಳೆಯ ಪದಗಳನ್ನು ಒಟ್ಟಿಗಿಟ್ಟ ಮಾತ್ರಕ್ಕೆ ಒಳ್ಳೆಯ ಸಮಾಸವಾಗದು. ಸಂಸ್ಕೃತ ಕನ್ನಡಗಳನ್ನು ಬೆಸೆದ ಅರಿಸಮಾಸವನ್ನು ನಮ್ಮ ಲಾಕ್ಷಣಿಕರು ದೋಷವೆಂದರು. ಪೆಟ್ಟಿಗೆಯ ಎಂಜಿನಿಗೆ ಕೊಡುವ ಹೆಚ್ಚಿನ ಹಣ, ಸಮಾಸ ಮಾಡಿಕೊಟ್ಟವನ ಕೂಲಿ. ನಾಳೆ ಕೆಟ್ಟರೆ ಕೇಳಲು ಒಂದೇ ಬಾಗಿಲು ಎಂಬ ಭರವಸೆಯೂ ಅದರಲ್ಲಿ ಸೇರಿದೆ. "ಬಿಡಿಯಾಗಿ ತಂದರೆ ಪಿಸ್ಟನ್ನಿನವನು ಸೀಲಿನವನನ್ನು ತೋರಿಸುತ್ತಾನೆ, ಸೀಲಿನವನು ಮೇಸ್ತ್ರಿಯನ್ನು ತೋರಿಸುತ್ತಾನೆ, ಆಗ ಏನು ಮಾಡುತ್ತೀರಿ?" ಎಂದು ಮನೆಯ ಲೆಕ್ಕ ಬರೆಯುವ ನನ್ನಾಕೆ ಕೇಳಿದಳು. ಪ್ರಶ್ನೆ ನ್ಯಾಯವಾದುದೇ.

ಆದರೆ ಎಂಜಿನಿನ ಕೇಸಿನ ಮೇಲೆ ಕೊರೆದ ಸಂಖ್ಯೆಯೊಂದಿದೆ. ನೋಂದಣಿ ಪತ್ರದಲ್ಲಿರುವುದು ಅದೇ. ಎಂಜಿನು ಬದಲಾದರೆ ಸಾರಿಗೆ ಕಚೇರಿಗೆ ಅಲೆದು ಪತ್ರವನ್ನು ತಿದ್ದಿಸಬೇಕು. ಅಲೆದಾಟವನ್ನಾದರೂ ಸಹಿಸಬಹುದು, ತಂದೆಯವರ ಗಾಡಿಯ ಹೃದಯವನ್ನು ಗುಜರಿಗೆ ಹಾಕಿ, ಬೇರೊಂದರ ಸದ್ದನ್ನು ಅವರಿಗೆ ಕೇಳಿಸುವುದು ನನ್ನಿಂದಾಗದು. ಕೊನೆಗೆ ನಮ್ಮ ಮೇಸ್ತ್ರಿಯ ಬಳಿ ಹೋದೆ. ಅರವತ್ತು ದಾಟಿದ ಅವರು ಸಿಲಿಂಡರಿನೊಳಗೆ ಮೂರು ಕಡೆ ಅಳತೆ ಹಿಡಿದು, ನಿಧಾನವಾಗಿ ಹೇಳಿದರು: "ಪೆಟ್ಟಿಗೆಗೆ ಎಲ್ಲರೂ ದುಡ್ಡು ಕೊಡ್ತಾರೆ ಮೇಷ್ಟ್ರೇ, ಅಳತೆಗೆ ಯಾರೂ ಕೊಡೋದಿಲ್ಲ."

ಆ ಮಾತೇ ನನಗೆ ದಾರಿ ತೋರಿತು. ಭಾಗಗಳು ಬಿಡಿಯಾಗಿಯೇ ಬರಲಿ. ಹೊಣೆ ಮಾತ್ರ ಇಡಿಯಾಗಿ ಒಬ್ಬರದಿರಲಿ. ಯಾವುದನ್ನು ಕೊಳ್ಳಬೇಕೆಂಬುದನ್ನು ಅವರೇ ಹೇಳುವರು. ಪಿಸ್ಟನ್ನು ಕೈಗೆ ಬಂದ ಮೇಲೆಯೇ ಅದರ ಅಳತೆಗೆ ಸಿಲಿಂಡರನ್ನು ಕೊರೆಯಿಸುವುದು. ಸೀಲು, ಬೇರಿಂಗುಗಳಲ್ಲಿ ಜಿಪುಣತನ ಕೂಡದು. ಉಳಿದ ಹಣದಲ್ಲಿ ದೊಡ್ಡ ಪಾಲು ಅವರ ಕೂಲಿಗೆ. ಇದರಿಂದ ನನಗಾದ ಉಳಿತಾಯ ಅಲ್ಪ ಎಂದು ನನ್ನಾಕೆಯ ಪುಸ್ತಕ ಹೇಳುತ್ತದೆ. ಅಂಥ ಮೇಸ್ತ್ರಿ ಇಲ್ಲದ ಊರಿನವರು ಪೆಟ್ಟಿಗೆಯನ್ನೇ ಕೊಳ್ಳುವುದು ಲೇಸು ಎಂಬುದನ್ನೂ ಮುಚ್ಚಿಡಲಾರೆ.

ಪಿಸ್ಟನ್ನು ಬಂದಿದೆ, ಸಿಲಿಂಡರು ಕೊರೆಯುವವರ ಬಳಿಯಿದೆ. ಎರಡು ವಾರವಾದರೂ ಬೇಕೆಂದು ಮೇಸ್ತ್ರಿ ಹೇಳಿದ್ದಾರೆ. ತಂದೆಯವರು ನೋಂದಣಿ ಪತ್ರವನ್ನು ಬೀರುವಿನಿಂದ ತೆಗೆದು, ಕನ್ನಡಕದ ಪೆಟ್ಟಿಗೆಯ ಕೆಳಗೆ ಇಟ್ಟುಕೊಂಡಿದ್ದಾರೆ.